ಅತಿಥಿಯ ಋಣ

ಅಲ್ಪಸ್ವಲ್ಪ ಹಣವನ್ನು ಕೂಡಿಸಿಕೊಂಡು, ಜೊತೆಗಾರರಿಲ್ಲದೆ ಲಂಡನ್ನಿಗೆ ಹೊರಟು, ಅಲ್ಲಿ ಹೋಟಲುಗಳನ್ನು ಆಶ್ರಯಿಸದೆ ಊರಿನ ಗೃಹಸ್ಥರ ಮನೆಗಳಲ್ಲಿ ನಾಲ್ಕಾರು ದಿನ ಅತಿಥಿಗಳಾಗಿದ್ದು ಹಿಂದಿರುಗುವ ತರುಣ ತರುಣಿಯರು ನಮ್ಮ ನಗರಗಳಲ್ಲಿ ಅಲ್ಲಲ್ಲಿ ಕಾಣಬರುತ್ತಿದ್ದಾರೆ. ಇದನ್ನು ಕೇಳಿ ಹಿರಿಯರಲ್ಲಿ ಕೆಲವರು ಮೂಗು ಮುರಿಯುವುದುಂಟು. ಗುರುತು ಪರಿಚಯವಿಲ್ಲದವರ ಮನೆಯಲ್ಲಿ ಮಲಗುವುದು ಅಪಾಯಕರವೆಂಬುದು ಒಂದು ಆಕ್ಷೇಪಣೆ. ಕೈಯಲ್ಲಿ ಹಣವಿಲ್ಲದ ಮೇಲೆ ಮನೆಯಲ್ಲಿಯೇ ಇರಬಾರದೆ, ನಿನ್ನೆಯವರೆಗೆ ನಮ್ಮನ್ನಾಳಿದವರ ಮನೆಯ ಬಾಗಿಲಲ್ಲಿ ನಿಂತು ಒಂದು ರಾತ್ರಿಯ ಹಾಸಿಗೆಯನ್ನು ಬೇಡುವುದು ದೇಶದ ಮಾನಕ್ಕೆ ಕುಂದಲ್ಲವೆ ಎಂಬುದು ಮತ್ತೊಂದು. ಮೊದಲನೆಯದಕ್ಕೆ ಎಚ್ಚರಿಕೆಯೇ ಉತ್ತರ. ಆ ವಿಚಾರವನ್ನು ಮುಂದೆ ಹೇಳುವೆವು. ಎರಡನೆಯದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಅದರಲ್ಲಿ ಸತ್ಯಾಂಶವೊಂದು ಅಡಗಿದೆ. ಆದರೆ ಆಕ್ಷೇಪಿಸುವವರು ಅದನ್ನು ಕಾಣುತ್ತಿರುವ ಸ್ಥಳ ಬೇರೆ, ಅದಿರುವ ಸ್ಥಳ ಬೇರೆ.

ಲಂಡನ್ನಿನಲ್ಲಿ ಮಿತವ್ಯಯದಿಂದ ಬಾಳಿದ ಭಾರತೀಯರಲ್ಲಿ ಮಹಾತ್ಮರೇ ಅಗ್ರಗಣ್ಯರೆಂಬುದನ್ನು ಇವರು ಮರೆತಂತೆ ತೋರುತ್ತದೆ. 1888ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನ ಹೊಸ್ತಿಲಿನಲ್ಲಿದ್ದ ಮೋಹನದಾಸ ಗಾಂಧಿಯವರು ಆ ನಗರವನ್ನು ಸೇರಿದಾಗ ಮೊದಲು ಇಳಿದುಕೊಂಡದ್ದು ವಿಕ್ಟೋರಿಯಾ ಹೋಟಲಿನಲ್ಲಿ. ಅಲ್ಲಿನ ಲೆಕ್ಕ ಮೂರು ಪೌಂಡಾಯಿತೆಂದು ಕೇಳಿ ಅವರು ದಿಗ್ಭ್ರಾಂತರಾದರು. ಆಮೇಲೆ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಬಿಡಾರ. ಮಾಂಸವನ್ನು ಮುಟ್ಟದ ಈ ಹುಡುಗನಿಗೆ ಏನು ಬಡಿಸಬೇಕೆಂಬುದೇ ಆಕೆಗೆ ತೋಚದು. ಆಕೆಯ ಇಬ್ಬರು ಹೆಣ್ಣುಮಕ್ಕಳು ಇನ್ನೊಂದು ಚೂರು ರೊಟ್ಟಿ ತೆಗೆದುಕೊಳ್ಳಿರೆಂದು ಒತ್ತಾಯಿಸುತ್ತಿದ್ದರು. ಇಡಿಯ ರೊಟ್ಟಿಯಿಲ್ಲದೆ ತಮ್ಮ ಹೊಟ್ಟೆ ತುಂಬದೆಂದು ಹೇಳಲು ಇವರಿಗೆ ಸಂಕೋಚ. ಪರರ ಮನೆಯಲ್ಲಿ ಅತಿಥಿಯಾಗಿದ್ದವರೆಲ್ಲರಿಗೂ ಈ ಸಂಕೋಚದ ಅನುಭವವಿರತಕ್ಕದ್ದೇ. ಹೊಟ್ಟೆ ತುಂಬುವ ಶಾಕಾಹಾರದ ಊಟದ ಮನೆಯನ್ನು ಹುಡುಕುತ್ತ ಅವರು ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು, ಕಡೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದನ್ನು ಕಂಡುಕೊಂಡರು.

ಗಾಂಧಿಯವರು ಹುಟ್ಟಾ ಮಿತವ್ಯಯಿಗಳಾಗಿರಲಿಲ್ಲ. ಎತ್ತರದ ಟೋಪಿ, ಬಾಂಡ್ ಬೀದಿಯ ಉಡುಪು, ಪಿಟೀಲಿನ ಪಾಠ, ನೃತ್ಯದ ಪಾಠ ಇವುಗಳಿಗಾಗಿ ಅಣ್ಣನು ಕಳುಹಿಸಿದ ಹಣವನ್ನು ಒಂದಷ್ಟು ಕಾಲ ಚೆಲ್ಲಿದವರೇ. ಬಳಿಕ ಕಾಸುಕಾಸಿಗೂ ಲೆಕ್ಕವಿಡತೊಡಗಿದರು. ಕೆಲಸದ ಸ್ಥಳಕ್ಕೆ ಅರ್ಧ ಗಂಟೆಯ ನಡಿಗೆಯೊಳಗೆ ಕೊಠಡಿ ಹಿಡಿದು ಗಾಡಿಯ ಖರ್ಚನ್ನು ನಿಲ್ಲಿಸಿದರು. ಎರಡು ಕೊಠಡಿಗಳನ್ನು ಬಿಟ್ಟು ಒಂದಕ್ಕೆ ಬಂದು, ಒಲೆಯೊಂದನ್ನಿಟ್ಟುಕೊಂಡು, ಬೆಳಗ್ಗೆ ಓಟ್ಸ್ ಗಂಜಿ ಕಾಯಿಸಿಕೊಂಡು, ರಾತ್ರಿ ರೊಟ್ಟಿಯನ್ನೂ ಕೋಕೋವನ್ನೂ ಸೇವಿಸಿ, ದಿನಕ್ಕೆ ಒಂದು ಷಿಲ್ಲಿಂಗು ಮೂರು ಪೆನ್ಸಿನಲ್ಲಿ ಜೀವನ ನಡೆಸಿದರು. ಇದರಿಂದ ದೇಶದ ಮಾನಕ್ಕೆ ಯಾವ ಕುಂದು ಬಂದಿತೆಂಬುದನ್ನು ಆಕ್ಷೇಪಿಸುವವರೇ ಹೇಳಬೇಕು.

ಇನ್ನು ಬಾಗಿಲುಗಳ ವಿಚಾರ. ಅಂದಿನ ಲಂಡನ್ನಿನಲ್ಲಿ ಎಲ್ಲ ಭಾರತೀಯರಿಗೂ ಎಲ್ಲ ಮನೆಗಳೂ ತೆರೆದಿರಲಿಲ್ಲ. ಕಪ್ಪು ಚರ್ಮದ ವಿದ್ಯಾರ್ಥಿಯನ್ನು ಕಂಡೊಡನೆ ಖಾಲಿಯಿದ್ದ ಕೊಠಡಿ ಭರ್ತಿಯಾಗಿಬಿಡುತ್ತಿತ್ತು. 1905ರಲ್ಲಿ ಪಂಡಿತ ಶ್ಯಾಮಜಿ ಕೃಷ್ಣವರ್ಮರು ಹೈಗೇಟಿನಲ್ಲಿ ಇಂಡಿಯಾ ಹೌಸ್ ಎಂಬ ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದ್ದಕ್ಕೆ ರಾಜಕೀಯ ಉದ್ದೇಶ ಹೇಗೋ ಹಾಗೆ ಈ ವಸತಿಯ ಕಷ್ಟವೂ ಕಾರಣವಾಗಿತ್ತು. 1943ರಲ್ಲಿ ವೆಸ್ಟ್ ಇಂಡೀಸಿನ ವಿಖ್ಯಾತ ಕ್ರಿಕೆಟ್ ಆಟಗಾರ ಲಿಯರಿ ಕಾನ್‌ಸ್ಟಂಟೈನರು ಮುಂಚಿತವಾಗಿ ಕಾದಿರಿಸಿದ್ದ ಕೊಠಡಿಗೆ ಹೆಂಡತಿ ಮಗಳೊಡನೆ ಬಂದಾಗ, ರಸೆಲ್ ಚೌಕದ ಇಂಪೀರಿಯಲ್ ಹೋಟಲಿನವರು ಅವರನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಅವರು ನ್ಯಾಯಾಲಯಕ್ಕೆ ಹೋಗಿ 1944ರಲ್ಲಿ ಗೆದ್ದರು. ದೊರೆತ ಪರಿಹಾರ ಐದು ಗಿನಿ ಮಾತ್ರ. ಆದರೆ ತೀರ್ಪಿನ ಬೆಲೆ ಅದಕ್ಕಿಂತ ಹೆಚ್ಚಿನದಾಗಿತ್ತು. ವರ್ಣಭೇದವನ್ನು ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧಿಸುವ ಕಾನೂನು ಆ ದೇಶದಲ್ಲಿ 1965ರಲ್ಲಿ ಬಂದಿತು. 1968ರಲ್ಲಿ ಅದು ಮನೆ ಬಾಡಿಗೆಯ ವಿಷಯಕ್ಕೂ ವಿಸ್ತರಿಸಲ್ಪಟ್ಟಿತು. ಇಂದು ನಮ್ಮ ಹುಡುಗನೊಬ್ಬನು ಅಲ್ಲಿ ಒಂದು ಮನೆಯ ಗಂಟೆಯನ್ನು ಒತ್ತಿ ಒಳಗೆ ಕರೆಯಲ್ಪಡುವುದರ ಹಿಂದೆ ಇಷ್ಟು ಚರಿತ್ರೆಯಿದೆ.

ಮಹಾತ್ಮರು ಎರಡನೆಯ ದುಂಡುಮೇಜಿನ ಪರಿಷತ್ತಿಗಾಗಿ 1931ರ ಸೆಪ್ಟೆಂಬರ್ 12ರಂದು ಮತ್ತೆ ಲಂಡನ್ನಿಗೆ ಬಂದರು. ಆಗ ಅವರು ಕಾಂಗ್ರೆಸ್ಸಿನ ಏಕಮಾತ್ರ ಪ್ರತಿನಿಧಿ. ಬಯಸಿದ್ದರೆ ಯಾವ ಭವ್ಯ ಹೋಟಲಿನಲ್ಲಾದರೂ ಇಳಿಯಬಹುದಾಗಿತ್ತು. ಅವರು ಆರಿಸಿಕೊಂಡದ್ದು ನಗರದ ಪೂರ್ವಭಾಗದ ಬಡವರ ಕೇರಿಯಾದ ಬೋ ಎಂಬಲ್ಲಿನ ಕಿಂಗ್ಸ್‌ಲಿ ಹಾಲನ್ನು. ಮ್ಯೂರಿಯಲ್ ಲೆಸ್ಟರ್ ಎಂಬ ಮಹಿಳೆ ತಮ್ಮ ಸೋದರಿಯೊಡನೆ ಕಟ್ಟಿ ನಡೆಸುತ್ತಿದ್ದ ಸೇವಾಮಂದಿರ ಅದು. ಅದರ ಮಾಳಿಗೆಯ ಮೇಲಿನ ಒಂದು ಪುಟ್ಟ ಕೊಠಡಿಯಲ್ಲಿ ಅವರು ಡಿಸೆಂಬರ್ 5ರವರೆಗೆ, ಸುಮಾರು ಹನ್ನೆರಡು ವಾರಗಳ ಕಾಲ, ಇದ್ದರು. ಪರಿಷತ್ತು ನಡೆಯುತ್ತಿದ್ದ ಸೇಂಟ್ ಜೇಮ್ಸ್ ಅರಮನೆಗೆ ಅಲ್ಲಿಂದ ಹಲವು ಮೈಲಿಗಳ ದೂರ. ಸಮಯ ವ್ಯರ್ಥವಾಗುವುದೆಂದು ಮಿತ್ರರು ಹೇಳಿದರು, ಅವರು ಕೇಳಲಿಲ್ಲ. ಬೆಳಗಿನ ಜಾವದಲ್ಲಿ ಆ ಕೇರಿಯ ಬೀದಿಗಳಲ್ಲಿ ನಡೆದಾಡಿದರು. ನೆರೆಹೊರೆಯ ಮಕ್ಕಳು ಅವರನ್ನು ಗಾಂಧಿ ಮಾವನೆಂದು ಕರೆದವು. ಪರಿಷತ್ತಿನಿಂದ ದೇಶಕ್ಕೆ ಏನೂ ಕೈಗೂಡಲಿಲ್ಲವೆಂಬುದು ಸರ್ವವಿದಿತ. ಆದರೆ ಸ್ವದೇಶೀ ಚಳವಳಿಯಿಂದ ಕೆಲಸ ಕಳೆದುಕೊಂಡ ನೇಕಾರರಿದ್ದ ಲಂಕಾಶೈರಿನ ಡಾರ್ವೆನ್ ಪಟ್ಟಣಕ್ಕೆ ಅವರು ಅದೇ ಸೆಪ್ಟೆಂಬರಿನ ಕೊನೆಯಲ್ಲಿ ಹೋಗಿ, ಅಲ್ಲಿಯವರ ಮನೆಯಲ್ಲಿಯೇ ಉಳಿದು, ಗಿರಣಿಯ ಹೆಣ್ಣಾಳುಗಳ ನಡುವೆ ನಿಂತಾಗ, ಅವರಿಂದ ದೊರೆತದ್ದು ಜಯಕಾರ. ಹೋಟಲಿನ ಹಿಂಬಾಗಿಲಿನಿಂದ ಮೋಟಾರಿನೊಳಕ್ಕೆ ಸೇರಿಕೊಳ್ಳುವ ಪ್ರತಿನಿಧಿಗೆ ಅಂತಹ ಸ್ವಾಗತ ದೊರೆಯುತ್ತಿತ್ತೆ?

ನಾವು ಮುಖ್ಯವಾಗಿ ಹೇಳಬೇಕೆಂದಿರುವ ಅಂಶವು ಇನ್ನೊಂದು. ಶ್ರೀಮತಿ ಲೆಸ್ಟರರು 1926ರಲ್ಲಿ ಭಾರತಕ್ಕೆ ಬಂದು ಸಾಬರಮತಿ ಆಶ್ರಮದಲ್ಲಿ ಗಾಂಧೀಜಿಯವರ ಅತಿಥಿಯಾಗಿದ್ದವರು. ಅವರು ಮೊದಲು ನಮ್ಮ ನೆಲದ ಮೇಲೆ ಮಲಗಿ, ನಮ್ಮ ಅನ್ನವನ್ನುಂಡು ಹೋಗಿದ್ದರು. ಐದು ವರ್ಷಗಳ ಬಳಿಕ ಬೋ ಕೇರಿಯ ಬಾಗಿಲು ತೆರೆದದ್ದು ದಾನವಾಗಿ ಅಲ್ಲ, ಋಣವಾಗಿ. ಪರದೇಶದಲ್ಲಿ ಬಿಟ್ಟಿಯಾಗಿ ಮಲಗುವುದು ಭಿಕ್ಷೆಯೊ ಅಲ್ಲವೊ ಎಂಬ ಪ್ರಶ್ನೆಗೆ ಉತ್ತರವು ಇಲ್ಲಿದೆ. ಹಿಂದಕ್ಕೆ ಬಂದ ಮೇಲೆ ತನ್ನ ಮನೆಯಲ್ಲಿ ಒಬ್ಬ ಅಪರಿಚಿತನಿಗೆ ಚಾಪೆ ಹಾಸಲು ಸಿದ್ಧನಿರುವವನು ಅತಿಥಿ. ಸಿದ್ಧನಿಲ್ಲದವನು ಎಷ್ಟೇ ಒಳ್ಳೆಯ ಉಡುಪನ್ನು ತೊಟ್ಟಿದ್ದರೂ ಭಿಕ್ಷುಕನೇ.

ಇಂತಹ ಆತಿಥ್ಯವನ್ನು ವ್ಯವಸ್ಥೆಗೊಳಿಸಿದ ಸಂಘಗಳ ಮೂಲತತ್ತ್ವವೂ ಇದೇ. ಎರಡನೆಯ ಮಹಾಯುದ್ಧವು ಮುಗಿದ ನಾಲ್ಕು ವರ್ಷಗಳಲ್ಲಿ, 1949ರಲ್ಲಿ, ಡೆನ್ಮಾರ್ಕಿನಲ್ಲಿ ಬಾಬ್ ಲೂಯಿಟ್ವೈಲರ್ ಎಂಬ ಅಮೆರಿಕದ ಶಾಂತಿವಾದಿಯೂ ಅವರ ಮಿತ್ರರೂ ಆರಂಭಿಸಿದ ಸಂಘವು ಸರ್ವಾಸ್ ಎಂಬ ಹೆಸರಿನಿಂದ ಈಗಲೂ ನಡೆದಿದೆ. ಶತ್ರುದೇಶಗಳ ಜನರು ಒಬ್ಬರ ಮನೆಯಲ್ಲೊಬ್ಬರು ಊಟಮಾಡಿದರೆ ಯುದ್ಧದ ಕಾವು ತಗ್ಗೀತೆಂಬುದು ಅವರ ಆಶಯ. ಪ್ರಯಾಣಿಕನನ್ನು ಮೊದಲು ಸ್ವದೇಶದ ಸದಸ್ಯರೊಬ್ಬರು ಕಂಡು ಮಾತನಾಡಿಸಿ ಪರಿಚಯಪತ್ರವನ್ನು ಕೊಡುವರು, ಒಂದು ಮನೆಯಲ್ಲಿ ಸಾಮಾನ್ಯವಾಗಿ ಎರಡು ರಾತ್ರಿ, ಹಣದ ಮಾತಿಲ್ಲ. 2004ರಲ್ಲಿ ಅಂತರ್ಜಾಲದ ಮೂಲಕ ಆರಂಭವಾದ ಕೌಚ್‌ಸರ್ಫಿಂಗ್ ಎಂಬುದು ಇದಕ್ಕಿಂತ ಬಹಳ ವಿಸ್ತಾರವಾಗಿ ಬೆಳೆಯಿತು. ಅದು 2011ರಲ್ಲಿ ಲಾಭದ ಕಂಪನಿಯಾಗಿ ಮಾರ್ಪಟ್ಟು, 2020ರಿಂದ ಹಲವು ದೇಶಗಳ ಸದಸ್ಯರಿಂದ ಶುಲ್ಕವನ್ನು ಕೇಳತೊಡಗಿದಾಗ ಹಳಬರು ಅನೇಕರು ಬೇಸತ್ತು ಬಿಟ್ಟುಹೋದರು. ಆತಿಥ್ಯವನ್ನು ಕೊಡುವವರು ಬಿಟ್ಟಿಯಾಗಿ ಕೊಡುತ್ತಿರುವಾಗ ನಡುವೆ ನಿಂತವನು ಸುಂಕ ವಸೂಲು ಮಾಡುವುದು ನಮಗೂ ಸರಿದೋರದು. ಅದಕ್ಕಿಂತ ಮೊದಲೇ, 2007ರಲ್ಲಿ, ಲಾಭವಿಲ್ಲದೆ ಸ್ವಯಂಸೇವಕರಿಂದಲೇ ನಡೆಯುವ ಬಿವೆಲ್‌ಕಮ್ ಎಂಬುದು ಹುಟ್ಟಿತ್ತು, ಅದು ಚಿಕ್ಕದು.

ಈ ರೀತಿ ಹೋಗುವವನಿಗೆ ಲಂಡನ್ ಜನರು ಹೆದರಿಸುವಷ್ಟು ದುಬಾರಿಯಲ್ಲ. ಆ ನಗರದಲ್ಲಿ ಹಣವನ್ನು ನುಂಗುವುದು ವಸತಿ. ಅದು ತಪ್ಪಿದರೆ ಉಳಿದದ್ದನ್ನು ನಿಭಾಯಿಸಬಹುದು. ಹೀತ್ರೋ ವಿಮಾನ ನಿಲ್ದಾಣದಿಂದ ವೇಗದ ವಿಶೇಷ ರೈಲನ್ನು ಹತ್ತದೆ, ನೆಲದಡಿಯ ಪಿಕಡಿಲಿ ಮಾರ್ಗದ ರೈಲಿನಲ್ಲಿ ಕುಳಿತರೆ ಖರ್ಚು ಎಷ್ಟೋ ಕಡಿಮೆ. ಊರೊಳಗೆ ಬಸ್ಸೇ ಅಗ್ಗ. ಒಂದು ಗಂಟೆಯೊಳಗೆ ಎಷ್ಟು ಬಸ್ಸುಗಳನ್ನು ಬದಲಾಯಿಸಿದರೂ ಒಂದೇ ದರ. ಆದರೆ 2014ರಿಂದ ಬಸ್ಸಿನಲ್ಲಿ ನಗದನ್ನು ತೆಗೆದುಕೊಳ್ಳುವುದಿಲ್ಲವೆಂಬುದು ಹೊಸಬರಿಗೆ ತಿಳಿದಿರಬೇಕು. ಬ್ರಿಟಿಷ್ ಮ್ಯೂಸಿಯಮ್ಮು, ರಾಷ್ಟ್ರೀಯ ಚಿತ್ರಶಾಲೆ, ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮು ಇವುಗಳ ಶಾಶ್ವತ ಸಂಗ್ರಹಗಳನ್ನು ನೋಡಲು ಪ್ರವೇಶಧನವಿಲ್ಲ. ಕಡೆಯದರಲ್ಲಿ, 1799ರಲ್ಲಿ ಶ್ರೀರಂಗಪಟ್ಟಣವನ್ನು ಸೂರೆಗೊಂಡಾಗ ಸಾಗಿಸಿದ ಟಿಪ್ಪುವಿನ ಮರದ ಹುಲಿಯು ಬಿಳಿಯನ ಮೇಲೆ ಇನ್ನೂ ಎರಗಿ ನಿಂತಿದೆ. ನಮ್ಮ ಸೊತ್ತನ್ನು ನಾವು ನೋಡುವುದಕ್ಕೆ ಹಣ ಕೇಳದಿರುವುದು ಉದಾರತೆಯೆಂದು ನಾವೇನೂ ಹೊಗಳಬೇಕಾಗಿಲ್ಲ. ಥೇಮ್ಸ್ ನದಿಯ ದಂಡೆಯಲ್ಲಿ, ಪಾರ್ಲಿಮೆಂಟಿನ ಕಟ್ಟಡಕ್ಕೆ ಎದುರಾಗಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಕಾಯಕವನ್ನೂ ದಾಸೋಹವನ್ನೂ ಒಟ್ಟಿಗೆ ಬೋಧಿಸಿದವರ ಮುಂದೆ ಕನ್ನಡಿಗನಾದ ಅತಿಥಿಯು ಒಂದು ಗಳಿಗೆ ನಿಲ್ಲುವುದು ಉಚಿತ. ಸೌತಾಲಿನ ಗುರುದ್ವಾರದಲ್ಲಿ ಜಾತಿಮತವನ್ನು ಕೇಳದೆ ಎಲ್ಲರಿಗೂ ಊಟ ಬಡಿಸುತ್ತಾರೆ. ಒಂದು ಹೊತ್ತು ಉಂಡು, ಆಮೇಲೆ ಪಾತ್ರೆ ತೊಳೆಯಲು ಕೈಹಾಕಿ ಬರುವುದು ಲಕ್ಷಣ. ಹದಿನೈದು ದಿನವೂ ಅಲ್ಲಿಯೇ ಉಣ್ಣುವುದು ಲಕ್ಷಣವಲ್ಲ.

ಮನೆಯೊಳಗಿನ ನಡತೆಯ ವಿಚಾರದಲ್ಲಿ ನಮ್ಮವರು ಎಡವುವುದು ದೊಡ್ಡ ಸಂಗತಿಗಳಲ್ಲಲ್ಲ, ಸಣ್ಣವುಗಳಲ್ಲಿ. ಇಂಗ್ಲಿಷರ ಬಚ್ಚಲಿನ ನೆಲದಲ್ಲಿ ನೀರು ಹೋಗಲು ಸಾಮಾನ್ಯವಾಗಿ ತೂಬಿರುವುದಿಲ್ಲ. ನಮ್ಮಲ್ಲಿಯಂತೆ ಚೊಂಬಿನಿಂದ ಸುರಿದುಕೊಂಡರೆ ನೀರು ಕೆಳಗಿನ ಮನೆಯವರ ತಲೆಯ ಮೇಲೆ ತೊಟ್ಟಿಕ್ಕುವುದು. ಅಡಿಗೆಮನೆಯ ಸಮೀಪದ ಚಾವಣಿಯಲ್ಲಿ ಹೊಗೆಯನ್ನು ಕಂಡೊಡನೆ ಕೂಗುವ ಯಂತ್ರವೊಂದಿರುತ್ತದೆ. ಸಾಸುವೆ ಮೆಣಸಿನಕಾಯಿಯ ಒಗ್ಗರಣೆಗೆ ಅದು ಎಚ್ಚೆತ್ತು ಮನೆಯವರನ್ನೆಲ್ಲ ಬೀದಿಗೆ ಕಳುಹಿಸಿದ ಪ್ರಸಂಗಗಳುಂಟು. ಆದರೂ ಒಂದು ದಿನ ಅತಿಥಿಯು, ಕಿಟಕಿಯನ್ನು ತೆರೆದಿಟ್ಟು, ಅನ್ನ ಸಾರು ಮಾಡಿ ಮನೆಯವರಿಗೆ ಬಡಿಸಲಿ. ಕಾಣಿಕೆಯಾಗಿ ತುಪ್ಪದ ಡಬ್ಬಿಯನ್ನು ಒಯ್ಯಬಾರದು. ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಆ ದೇಶದೊಳಕ್ಕೆ ಬಿಡುವುದಿಲ್ಲ. ಚಿಕ್ಕಮಗಳೂರಿನ ಕಾಫಿಪುಡಿಯನ್ನೊ ಚನ್ನಪಟ್ಟಣದ ಬೊಂಬೆಯನ್ನೊ ಒಯ್ಯಬಹುದು. ಮನೆಯವರು ಸಂಜೆ ಕೆಲಸದಿಂದ ಹಿಂದಿರುಗಿದಾಗ ಮೊಬೈಲನ್ನು ನೋಡುತ್ತ ಮೂಲೆಯಲ್ಲಿ ಕುಳಿತಿರುವ ಅತಿಥಿಗಿಂತ ಭಾರವಾದ ವಸ್ತು ಮನೆಯಲ್ಲಿ ಬೇರೊಂದಿಲ್ಲ. ಅವರು ಹಣಕ್ಕೆ ಬದಲಾಗಿ ಬಯಸುವುದು ಮಾತನ್ನು.

ಎಚ್ಚರಿಕೆಯ ವಿಚಾರ ಹೇಳುವೆವೆಂದಿದ್ದೆವು. ಮೊದಲ ಎರಡು ರಾತ್ರಿಗಳಿಗಾದರೂ ಹಣಕೊಟ್ಟು ಉಳಿಯುವ ಸ್ಥಳವನ್ನು ಗೊತ್ತುಮಾಡಿಕೊಂಡೇ ಹೊರಡಬೇಕು. ಆತಿಥೇಯರ ಬಗೆಗೆ ಹಿಂದಿನ ಅತಿಥಿಗಳು ಬರೆದುದನ್ನು ಓದಿ, ಮೊದಲು ಹಗಲಿನಲ್ಲಿ ಹೊರಗೆ ಕಂಡು, ಮನಸ್ಸು ಒಪ್ಪಿದರೆ ಮಾತ್ರ ಮನೆಗೆ ಹೋಗಬೇಕು. ಒಪ್ಪದಿದ್ದರೆ ದಾಕ್ಷಿಣ್ಯಕ್ಕೆ ಸಿಕ್ಕದೆ ಹೊರಟುಬಿಡಲು ಸಾಕಾಗುವಷ್ಟು ಹಣ ಯಾವಾಗಲೂ ಕೈಯಲ್ಲಿರಬೇಕು. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಎರಡು ಸಲ ಹೇಳುವೆವು. ಅವರನ್ನು ಹೋಗಬೇಡಿರೆಂದು ಮಾತ್ರ ಹೇಳೆವು. ಕಾನೂನಿನ ಎಡರೂ ಉಂಟು. ಫ್ರಾನ್ಸ್ ಜರ್ಮನಿಗಳಿಗಾಗಿ ಪಡೆದ ವೀಸಾ ಬ್ರಿಟನ್ನಿನಲ್ಲಿ ನಡೆಯದು. ಅದಕ್ಕೆ ಬೇರೆ ರಹದಾರಿ ಬೇಕು. ಎಲ್ಲಿ ಉಳಿಯುವೆಯೆಂದು ಅಧಿಕಾರಿಯು ಕೇಳಿದಾಗ, ಹೋಟಲಿನ ಸುಳ್ಳು ಹೆಸರನ್ನು ಹೇಳದೆ, ಆತಿಥೇಯರ ವಿಳಾಸವನ್ನೂ ಅವರ ಪತ್ರವನ್ನೂ ತೋರಿಸಬೇಕು. ಕೊಠಡಿಗೆ ಬದಲಾಗಿ ಮನೆಗೆಲಸವನ್ನೊ ಮಕ್ಕಳ ಮೇಲ್ವಿಚಾರಣೆಯನ್ನೊ ಮಾಡುವ ಕರಾರು ಬಹಳ ಮಂದಿಗೆ ನಿರಪಾಯವೆಂದು ತೋರುತ್ತದೆ. ಸಂದರ್ಶಕನ ವೀಸಾದಲ್ಲಿ ಬಂದವನಿಗೆ ಅದು ಕೆಲಸವೆಂದೇ ಪರಿಗಣಿಸಲ್ಪಟ್ಟು, ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಲ್ಪಡಲು ಕಾರಣವಾಗಬಹುದು. ಊಟವಾದ ಮೇಲೆ ತಟ್ಟೆ ತೊಳೆಯುವುದು ಬೇರೆ, ತಟ್ಟೆ ತೊಳೆಯುವೆನೆಂಬ ಕರಾರಿನ ಮೇಲೆ ಬರುವುದು ಬೇರೆ.

ಇಲ್ಲಿಯವರೆಗೆ ಲಂಡನ್ನಿನ ಬಾಗಿಲನ್ನು ಕುರಿತು ಹೇಳಿದೆವು. ಋಣವು ತೀರಬೇಕಾದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಧಾರವಾಡಗಳಲ್ಲಿ. ಅತಿಥಿಯನ್ನು ದೇವರೆಂದು ಕರೆದ ಮಾತನ್ನು ನಾವು ವಿಮಾನ ನಿಲ್ದಾಣದ ಗೋಡೆಗಳ ಮೇಲೂ ಬರೆಸಿದ್ದೇವೆ. ನಮ್ಮಲ್ಲಿ ಆತಿಥ್ಯದ ಸಂಪ್ರದಾಯ ಇಲ್ಲವೆಂದಲ್ಲ. ವಾರಕ್ಕೊಂದು ದಿನದಂತೆ ಏಳು ಮನೆಗಳಲ್ಲಿ ವಾರಾನ್ನವನ್ನುಂಡು ಓದಿ ಮುಂದೆ ದೊಡ್ಡ ಅಧಿಕಾರಗಳಿಗೇರಿದವರ ಮೊಮ್ಮಕ್ಕಳು ನಮ್ಮ ಓದುಗರಲ್ಲಿಯೇ ಇರಬಹುದು. ಆ ತಾಯಂದಿರಿಗೆ ನಾಡು ಋಣಿ. ಆದರೆ ಆ ಏಳು ಮನೆಗಳೂ ಹುಡುಗನ ಜಾತಿಯವೇ ಆಗಿರುತ್ತಿದ್ದವೆಂಬುದನ್ನು ಮುಚ್ಚಿಡುವುದೇಕೆ? ಛತ್ರಗಳಲ್ಲಿಯೂ ಪಂಕ್ತಿಭೇದವಿತ್ತು. ಇಂದು ಪಂಕ್ತಿ ಹೋಗಿದೆ, ಪ್ರಶ್ನೆ ಉಳಿದಿದೆ. ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕುವ ನಮ್ಮ ದೇಶದವನೇ ಆದ ಹುಡುಗನನ್ನು, ತಾವು ಯಾವ ಪೈಕಿ, ಏನು ಊಟ ಮಾಡುತ್ತೀರಿ, ಮದುವೆಯಾಗಿದೆಯೆ ಎಂದು ಹೊಸ್ತಿಲಿನ ಮೇಲೆಯೇ ವಿಚಾರಿಸುತ್ತಾರೆ. ಉತ್ತರವು ಒಪ್ಪಿಗೆಯಾಗದಿದ್ದರೆ, 1943ರ ಆ ಹೋಟಲಿನವರು ಮಾಡಿದ್ದನ್ನೇ, ಇನ್ನಷ್ಟು ನಯವಾದ ಮಾತಿನಲ್ಲಿ ಮಾಡುತ್ತಾರೆ. ನಮ್ಮ ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟಲು, ಬಾವಿ, ಕೆರೆಗಳ ವಿಷಯದಲ್ಲಿ ಇಂತಹ ಭೇದವನ್ನು ನಿಷೇಧಿಸಿದೆ. ಖಾಸಗಿ ಮನೆಯ ಬಾಡಿಗೆಯ ಮಾತು ಅದರಲ್ಲಿಲ್ಲ. ಇಂಗ್ಲೆಂಡು 1968ರಲ್ಲಿ ಇಟ್ಟ ಹೆಜ್ಜೆಯನ್ನು ಇಡಲು ನಮ್ಮ ಶಾಸಕರಿಗೆ ಇನ್ನೆಷ್ಟು ಕಾಲ ಬೇಕು?

ತಮ್ಮ ಮಗನನ್ನು ಅಪರಿಚಿತನಾದ ಒಬ್ಬ ಇಂಗ್ಲಿಷನು ಜಾತಿಯನ್ನು ಕೇಳದೆ ಒಳಗೆ ಕರೆದು, ಬೀಗದ ಕೈಯನ್ನು ಕೊಟ್ಟು ತಾನು ಕೆಲಸಕ್ಕೆ ಹೋದನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ತಂದೆತಾಯಿಗಳಿದ್ದಾರೆ. ಆ ಇಂಗ್ಲಿಷನು ಮುಂದಿನ ಜನವರಿಯಲ್ಲಿ ಬೆಂಗಳೂರಿಗೆ ಬರುವೆನೆಂದು ಬರೆದಾಗ, ಮೇಲಿನ ಕೊಠಡಿ ಖಾಲಿಯಿದ್ದರೂ, ಅವನಿಗೆ ಒಳ್ಳೆಯ ಹೋಟಲೊಂದರ ಹೆಸರನ್ನು ಸೂಚಿಸುವವರೂ ಇವರೇ. ಅವನ ಊಟದ ರೀತಿ ಏನೋ, ಅಜ್ಜಿ ಏನೆಂದಾರೋ ಎಂಬ ಅಂಜಿಕೆ. ಅಜ್ಜಿಯಂದಿರು ನಾವು ತಿಳಿದಷ್ಟು ಬಿಗಿಯಾದವರಲ್ಲ. ಅನೇಕ ವೇಳೆ ಅವರ ಹೆಸರನ್ನು ಮುಂದೆಮಾಡಿಕೊಂಡು ಹಿಂಜರಿಯುವವರು ನಡುವಯಸ್ಕರಾದ ನಾವೇ.

ಇವರ ಅಂಜಿಕೆಗೆ ಸರಕಾರವೂ ತನ್ನ ಪಾಲನ್ನು ಸೇರಿಸಿದೆಯೆಂಬುದನ್ನು ಹೇಳದಿದ್ದರೆ ನ್ಯಾಯವಾಗದು. ವಿದೇಶೀಯನೊಬ್ಬನು ಹೋಟಲಿನಲ್ಲಾಗಲಿ ಖಾಸಗಿ ಮನೆಯಲ್ಲಾಗಲಿ ತಂಗಿದರೆ, ಇಟ್ಟುಕೊಂಡವರು 24 ಗಂಟೆಗಳೊಳಗಾಗಿ ನಿಗದಿತ ಫಾರಮೊಂದನ್ನು ಅಂತರ್ಜಾಲದ ಮೂಲಕ ಅಧಿಕಾರಿಗಳಿಗೆ ಸಲ್ಲಿಸಬೇಕೆಂದು ನಿಯಮವಿದೆ. ದೇಶದ ರಕ್ಷಣೆಗಾಗಿ ಇಂತಹ ನಿಯಮ ಇರಬಾರದೆಂದು ನಾವು ವಾದಿಸುವುದಿಲ್ಲ. ಆದರೆ ಒಂದೆರಡು ದಿನದ ಅತಿಥಿಗಾಗಿ ಪೊಲೀಸು ಇಲಾಖೆಯ ಗೊಡವೆ ಯಾರಿಗೆ ಬೇಕೆಂದು ಗೃಹಸ್ಥನು ಹಿಂಜರಿಯುತ್ತಾನೆ; ನಿಯಮವನ್ನು ಅರಿಯದೆ ಇಟ್ಟುಕೊಂಡವನು ಆಮೇಲೆ ತೊಡಕಿಗೆ ಸಿಕ್ಕುತ್ತಾನೆ. ಈ ಫಾರಮನ್ನು ತುಂಬುವ ಕ್ರಮವನ್ನು ಸುಲಭವಾದ ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿಯೊಂದು ಠಾಣೆಯಲ್ಲಿಯೂ ತೂಗುಹಾಕಲಿ. ತಾನಾಗಿ ಬಂದು ವಿಚಾರಿಸುವ ಗೃಹಸ್ಥನನ್ನು ಆಪಾದಿತನಂತೆ ನಿಲ್ಲಿಸದೆ ಕುರ್ಚಿಯ ಮೇಲೆ ಕುಳ್ಳಿರಿಸಿ ಉತ್ತರ ಕೊಡುವಂತೆ ಮೇಲಧಿಕಾರಿಗಳು ಒಂದು ಸುತ್ತೋಲೆಯನ್ನು ಹೊರಡಿಸಲಿ. ಇದಕ್ಕೆ ಹೊಸ ಕಾನೂನೂ ಬೇಡ, ಆಯವ್ಯಯದಲ್ಲಿ ಹಣವೂ ಬೇಡ. ಮುಂದಿನ ಬೇಸಿಗೆಯ ರಜೆಯಲ್ಲಿ ಲಂಡನ್ನಿಗೆ ಹೊರಡಬೇಕೆಂದಿರುವ ತರುಣರು, ಅಲ್ಲಿಯ ಆತಿಥೇಯರಿಗೆ ಕಾಗದ ಬರೆಯುವುದಕ್ಕೆ ಮೊದಲು, ಮನೆಯ ಹಿರಿಯರೊಡನೆ ಕುಳಿತು, ತಮ್ಮ ಮನೆಯಲ್ಲಿ ಯಾವ ಕೊಠಡಿಯನ್ನು, ವರುಷದಲ್ಲಿ ಎಷ್ಟು ದಿನ, ಎಂತಹ ಅತಿಥಿಗೆ ಬಿಟ್ಟುಕೊಡಬಹುದೆಂಬುದನ್ನು ಗೊತ್ತುಮಾಡಿಕೊಳ್ಳಲಿ. ಹಾಗೆ ಗೊತ್ತುಮಾಡಿಕೊಂಡು ಹೋದವರು ಬೋ ಕೇರಿಯ ಪವಿಸ್ ರಸ್ತೆಗೂ ಒಮ್ಮೆ ಹೋಗಿಬರಲಿ. ಕಿಂಗ್ಸ್‌ಲಿ ಹಾಲಿನ ಮಾಳಿಗೆಯ ಆ ಕೊಠಡಿಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಮುಂದಾಗಿ ತಿಳಿಸಿದವರಿಗೆ ಅದನ್ನು ತೆರೆದು ತೋರಿಸುತ್ತಾರೆ.